ಪಾಪ ಅನ್ನಬೇಡಿ, ಫಾರಂ ಕೊಡಿ

ಸಂಪಾದಕರೇ,

ನನ್ನ ಮಗನಿಗೆ 19 ವರ್ಷ. ಆಟಿಸಂ ಇದೆ. ಭಾನುವಾರ ಬಂತೆಂದರೆ ಬೆಳಿಗ್ಗೆ ಐದಕ್ಕೇ ಬ್ಯಾಗ್ ಹಾಕಿಕೊಂಡು ಬಾಗಿಲ ಹತ್ತಿರ ನಿಂತಿರುತ್ತಾನೆ. ಆನೆಗೊಂದಿ ಹೊಳೆದಂಡೆಗೆ ಹೋಗಬೇಕು, ನೀರುನಾಯಿ ನೋಡಬೇಕು. ಮಳೆ ಇರಲಿ, ಹಬ್ಬ ಇರಲಿ, ಮನೆಗೆ ನೆಂಟರು ಬಂದಿರಲಿ, ಹೋಗಲೇಬೇಕು.

ತುಂಗಭದ್ರಾ ಡ್ಯಾಂ ಹತ್ತಿರದ ಮುದ್ಲಾಪುರದಿಂದ ಕಂಪ್ಲಿ ಸೇತುವೆವರೆಗೆ 34 ಕಿ.ಮೀ. ಹೊಳೆಯನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಅಂತ ಘೋಷಿಸಿದ್ದು ನನಗೆ ಗೊತ್ತಾಗಿದ್ದೇ ಅವನಿಂದ. ನೀರುನಾಯಿಗಳು ಒಂದೇ ಬಂಡೆಗೆ ಮತ್ತೆ ಮತ್ತೆ ಬಂದು ಹಿಕ್ಕೆ ಹಾಕುತ್ತವೆ. ಅವನು ಕುಕ್ಕರುಗಾಲಲ್ಲಿ ಕೂತು ಕಡ್ಡಿಯಿಂದ ಅದನ್ನು ಬಿಡಿಸುತ್ತಾನೆ. ಒಳಗೆ ಮೀನಿನ ಹುರುಪೆ, ಒಮ್ಮೊಮ್ಮೆ ಏಡಿ ಚಿಪ್ಪಿನ ಚೂರು. ಮೂಸಿ ನೋಡಿ 'ಹಳೇದು' ಅಂತಾನೆ. (ನಾನು ಮೂಸಲ್ಲ, ಅಷ್ಟು ಪ್ರೀತಿ ನನಗಿಲ್ಲ.) ಮನೆಗೆ ಬಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಾನೆ. ನಾಲ್ಕು ವರ್ಷದಿಂದ ಒಂದು ಭಾನುವಾರವೂ ತಪ್ಪಿಲ್ಲ.

ಹೋದ ಚಳಿಗಾಲ ಒಂದು ಕೆರೆಯಲ್ಲಿ ಪಕ್ಷಿ ಗಣತಿಗೆ ಸ್ವಯಂಸೇವಕರು ಬೇಕು ಅಂದರು, ಕರೆದುಕೊಂಡು ಹೋದೆ. ಮೊದಲಿಗೇ ಎಲ್ಲರನ್ನೂ ಸುತ್ತ ನಿಲ್ಲಿಸಿ, ಮೈಕ್ ಕೊಟ್ಟು, ಪರಿಚಯ ಹೇಳಿ ಅಂದರು. ಕೆರೆ ದಂಡೆಯಲ್ಲಿ ಮೈಕ್ ಯಾಕೋ, ಹಕ್ಕಿಗಳಿಗೂ ಪರಿಚಯ ಆಗಲಿ ಅಂತಿರಬೇಕು! ಇವನು ಕಿವಿ ಮುಚ್ಚಿಕೊಂಡು ಹಿಂದೆ ಮುಂದೆ ತೂಗಾಡತೊಡಗಿದ. 'ಅಮ್ಮಾ, ಇವರನ್ನ ಕರ್ಕೊಂಡು ಗಾಡಿಯಲ್ಲಿ ಕೂತಿರಿ, ಪಾಪ' ಅಂದರು ಒಬ್ಬರು. ಆ 'ಪಾಪ' ನನಗೆ ಇನ್ನೂ ಚುಚ್ಚುತ್ತದೆ.

ನಾವು ಗಾಡಿಗೆ ಹೋಗಲಿಲ್ಲ, ಸ್ವಲ್ಪ ದೂರ ಜಾಲಿ ನೆರಳಲ್ಲಿ ಕೂತೆವು. ಎರಡು ಗಂಟೆ ಅವನು ಮಿಸುಕಾಡಲಿಲ್ಲ. ಕೊನೆಗೆ ಫಾರಂ ನೋಡಿದರೆ ಬೇರೆಯವರದ್ದರಲ್ಲಿ ನಾಮದ ಕೋಳಿ 'ಸುಮಾರು 40', ಇವನದ್ದರಲ್ಲಿ 33. ಪಟ್ಟೆತಲೆ ಹೆಬ್ಬಾತಿನ ಮುಂದೆ 0. ಕಾಣದ್ದನ್ನು ಯಾಕಪ್ಪಾ ಬರೀತೀಯಾ ಅಂತ ಒಬ್ಬರು ನಕ್ಕರು.

ಆದರೆ ಆ ಸೊನ್ನೆ ಬೇಕು ಅಲ್ವಾ? ಖಾಲಿ ಬಿಟ್ಟರೆ ಹುಡುಕಿದರೂ ಸಿಗಲಿಲ್ಲವೋ, ಯಾರೂ ನೋಡಲೇ ಇಲ್ಲವೋ ಹೇಗೆ ಗೊತ್ತಾಗಬೇಕು? ನಾಳೆ ನೀರುನಾಯಿಗಳು ಆ ಬಂಡೆ ಬಿಟ್ಟು ಹೋದರೆ ಮೊದಲು ಸಿಗುವ ಸುಳಿವೇ ಸೊನ್ನೆ.

ಹಾಗಂತ ಆಟಿಸಂ ಇದ್ದವರೆಲ್ಲ ಹೀಗೇ ಅಂದುಕೊಳ್ಳಬೇಡಿ. ನನ್ನ ತಂಗಿಯ ಮಗಳಿಗೆ ಎಡಿಎಚ್‌ಡಿ (ಗಮನ ಒಂದೇ ಕಡೆ ನಿಲ್ಲದ ತೊಂದರೆ), ಹತ್ತು ನಿಮಿಷ ಒಂದು ಕಡೆ ಕೂರಲ್ಲ, ಆದರೆ ಗುಡ್ಡ ಹತ್ತಿಸಿ, ನಾವು ನೋಡದೆ ದಾಟಿ ಬಂದ ಎಲ್ಲವನ್ನೂ ಅವಳು ನೋಡಿರುತ್ತಾಳೆ. ಇನ್ನು ಕೆಲವು ಮಕ್ಕಳಿಗೆ ಹಕ್ಕಿ, ಕಾಡು ಯಾವುದೂ ಬೇಡ, ಅದೂ ಸರಿ. ಇಂಗ್ಲೆಂಡಿನಲ್ಲಿ ಟಿವಿಯಲ್ಲಿ ವನ್ಯಜೀವಿಗಳ ಬಗ್ಗೆ ಹೇಳುವ ಕ್ರಿಸ್ ಪ್ಯಾಕಮ್ ಅವರಿಗೆ ಆಟಿಸಂ ಇದೆ ಅಂತ ಗೊತ್ತಾಗಿದ್ದೇ 40 ದಾಟಿದ ಮೇಲೆ. ಅವರಿಗೆ ಕೆಲಸ ಮೊದಲು ಸಿಕ್ಕಿತು, ಸರ್ಟಿಫಿಕೇಟ್ ಆಮೇಲೆ. ನಮ್ಮಲ್ಲಿ ಸರ್ಟಿಫಿಕೇಟ್ ನೋಡಿ ಗಾಡಿಯಲ್ಲಿ ಕೂರಿಸುತ್ತಾರೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಆಟಿಸಂ ಇದೆ, ಸರ್ಕಾರಿ ಕೆಲಸದಲ್ಲಿ ಮೀಸಲಾತಿಯೂ ಇದೆ. ಎಡಿಎಚ್‌ಡಿ ಆ ಪಟ್ಟಿಯಲ್ಲೇ ಇಲ್ಲ. ಅದು ದೊಡ್ಡವರ ಮಾತಾಯಿತು. ನಾನು ಕೇಳುವುದು ಚಿಕ್ಕದು. ಮೈಕ್ ಬಿಡಿ. ಎಲ್ಲಿ, ಎಷ್ಟು ಗಂಟೆ, ಎಷ್ಟು ಜನ ಅಂತ ಮೊದಲೇ ವಾಟ್ಸಾಪ್‌ನಲ್ಲಿ ಬರೆದು ಕಳಿಸಿ. ಗುಂಪಿನ ಜೊತೆ ನಡೆಯಲಾಗದವರಿಗೆ ಒಂದು ಜಾಗ ಕೊಟ್ಟು ಅಲ್ಲೇ ಎಣಿಸಲು ಬಿಡಿ. ಬೇರೆಯವರಿಗೆ ದಿನಗೂಲಿ ಕೊಡುವ ಕೆಲಸವಾದರೆ ಇವರಿಗೂ ಕೊಡಿ, ಬಂದದ್ದೇ ದೊಡ್ಡದು ಅಂತ ಬರೀ ಟೋಪಿ, ಬಿಸ್ಕತ್ತು ಕೊಟ್ಟು ಕಳಿಸಬೇಡಿ.

ಮುಂದಿನ ಗಣತಿಯ ತಾರೀಖು ಗೊತ್ತಿದ್ದವರು ದಯವಿಟ್ಟು ನಿಮ್ಮ ಪತ್ರಿಕೆಯಲ್ಲೇ ಮುಂಚಿತವಾಗಿ ಹಾಕಿಸಿ. ಹಿಂದಿನ ದಿನ ಹೇಳಿದರೆ ನನ್ನ ಮಗನಿಗೆ ಆಗಲ್ಲ, ನಾಲ್ಕು ದಿನವಾದರೂ ಬೇಕು.

– ಒಬ್ಬ ತಾಯಿ, ಗಂಗಾವತಿ