89 ಅಂಗಿ

ಪ್ರೀತಿಯ ತಂಗಿ,

ನಿನ್ನ ಹಸ್ತಪ್ರತಿ ಓದಿ ಮುಗಿಸದೆ ಉತ್ತರ ಬರೆಯಬಾರದು ಅಂತ ತಡ ಮಾಡಿದೆ. ಮುತ್ತಜ್ಜಿಯ ಜೀವನಚರಿತ್ರೆ ಬರೆಯಲಾ, ಅದನ್ನೇ ಕಾದಂಬರಿ ಮಾಡಲಾ ಅಂತ ಕೇಳಿದ್ದೀಯ. ಕೊನೆಗೆ, ವಯಸ್ಸು 32 ಆಯ್ತು ಅನ್ನೋ ಗೋಳು ಬೇರೆ!

ಇಂಗ್ಲೆಂಡಿನ ಪೆನೆಲೊಪಿ ಫಿಟ್ಜ್‌ಜೆರಾಲ್ಡ್ ಅವರ ಮೊದಲ ಪುಸ್ತಕ ಬಂದಾಗ ಅವರಿಗೆ 58. ಅದು ಚಿತ್ರಕಾರ ಬರ್ನ್-ಜೋನ್ಸ್ ಅವರ ಜೀವನಚರಿತ್ರೆ, 1975ರಲ್ಲಿ. ಅಲ್ಲಿವರೆಗೆ ಮೂರು ಮಕ್ಕಳು, ಪಾಠ ಹೇಳುವ ಕೆಲಸ, ದುಡ್ಡಿನ ತಾಪತ್ರಯ. ಥೇಮ್ಸ್ ನದಿಯಲ್ಲಿ ಹಳೇ ದೋಣಿಯೊಂದೇ ಮನೆ. ಅದೂ ಮುಳುಗಿಹೋಯಿತು. ಆ ಬದುಕಿನಿಂದಲೇ ಹುಟ್ಟಿದ 'ಆಫ್‌ಶೋರ್' ಕಾದಂಬರಿಗೆ 1979ರಲ್ಲಿ ಬೂಕರ್ ಪ್ರಶಸ್ತಿ ಬಂತು. ನಡುನಡುವೆ ತಂದೆ, ಚಿಕ್ಕಪ್ಪಂದಿರ ಕಥೆ ಬರೆದರು. 1984ರಲ್ಲಿ ಕವಯಿತ್ರಿ ಶಾರ್ಲಟ್ ಮ್ಯೂ ಜೀವನಚರಿತ್ರೆ ಬಂತು. ತನ್ನದೆಲ್ಲ ಬರೆದು ಮುಗಿದ ಮೇಲೇ ಅವರು ಬೇರೆ ಕಾಲ, ಬೇರೆ ದೇಶಕ್ಕೆ ಹೋದದ್ದು. 1988ರ ಕಾದಂಬರಿ ನಡೆಯುವುದು 1913ರ ಮಾಸ್ಕೋದಲ್ಲಿ.

ನಾನು ಹೇಳಬೇಕು ಅಂದುಕೊಂಡದ್ದು 1995ರ 'ದ ಬ್ಲೂ ಫ್ಲವರ್' ಬಗ್ಗೆ. ಜರ್ಮನ್ ಕವಿ ನೊವಾಲಿಸ್‌ನ ಎಳೇ ವಯಸ್ಸಿನ ಕಥೆ. ಶುರುವಾಗುವುದು ಬಟ್ಟೆ ಒಗೆಯುವ ದಿನ. ನೊವಾಲಿಸ್‌ನ ಮನೆಗೆ ಗೆಳೆಯನೊಬ್ಬ ಬರುತ್ತಾನೆ. ಮೇಲಿನ ಕಿಟಕಿಗಳಿಂದ ಹೊದಿಕೆ, ದಿಂಬಿನ ಚೀಲ, ಒಳಬಟ್ಟೆ ಎಲ್ಲ ಅಂಗಳಕ್ಕೆ ಬಂದು ಬೀಳುತ್ತಿವೆ. ಇವರ ಮನೆಯಲ್ಲಿ ವರ್ಷಕ್ಕೆ ಒಂದೇ ಸಲ ಒಗೆತ! ಅವನ ಮನೆಯಲ್ಲಿ ಮೂರು ಸಲ. ಅವನ ಹತ್ತಿರ ಇರುವುದು 89 ಅಂಗಿ, ಅಷ್ಟೇ. ವರ್ಷಕ್ಕೊಮ್ಮೆ ಒಗೆಯಬೇಕಾದರೆ ವರ್ಷವಿಡೀ ಸಾಲುವಷ್ಟು ಬಟ್ಟೆ ಇರಬೇಕಲ್ಲ. ಹಾಗಾಗಿ ಇವರದು ಹಳೇ ಮನೆತನ ಅಂತ ಅವನಿಗೆ ತಿಳಿಯುತ್ತದೆ, ದುಡ್ಡಿದೆ ಅಂತಲ್ಲ. ನೋಡು, 18ನೇ ಶತಮಾನದ ಬಗ್ಗೆ ಒಂದು ಸಾಲಿನ ಪಾಠವೂ ಇಲ್ಲ. ಜೀವನಚರಿತ್ರೆ ಬರೆದ ಕೈಗೆ ಮಾತ್ರ ಹೀಗೆ ಲೆಕ್ಕ ಸಿಗುತ್ತೆ ಅಂತ ನನ್ನ ಗುಮಾನಿ. ಎಷ್ಟೋ ಓದಿ, ಬರೆಯುವಾಗ ಅಂಗಿ ಮಾತ್ರ ಉಳಿಸಿಕೊಳ್ಳೋದು ಸುಲಭ ಅಲ್ಲ. ನನ್ನ ಮೊದಲ ಕಾದಂಬರಿಯಲ್ಲಿ ಓದಿದ್ದನ್ನೆಲ್ಲ ತುರುಕಿದ್ದೆ. ನನ್ನ ಹೆಂಡತಿಯೇ 40ನೇ ಪುಟ ದಾಟಲಿಲ್ಲ.

ಆದ್ದರಿಂದ ಮೊದಲು ಜೀವನಚರಿತ್ರೆಯನ್ನೇ ಬರಿ. ರೈಲು ಬಂದ ಕಥೆಗೆ ನಾಲ್ಕು ಪುಟ ಕೊಟ್ಟಿದ್ದೀಯಲ್ಲ, ಅದು ಅಲ್ಲಿಗೆ ಸರಿ. ಕಾದಂಬರಿಗೆ ಬೇಕಾದ್ದು ಬೇರೆ. ಮುತ್ತಜ್ಜಿ ದಿನಕ್ಕೆ ಎಷ್ಟು ಕೊಡ ನೀರು ಹೊರುತ್ತಿದ್ದಳು? ಮಡಿ ಸೀರೆ ಎಲ್ಲಿ ಒಣಹಾಕುತ್ತಿದ್ದಳು? ದೊಡ್ಡಮ್ಮ ಇನ್ನೂ ಗಟ್ಟಿಯಾಗಿದ್ದಾರೆ ಅಂದಿದ್ದೀಯ. ಈ ಭಾನುವಾರವೇ ಹೋಗಿ ಕೇಳು. ಹಸ್ತಪ್ರತಿ ಅಂಚೆಗೆ ಹಾಕಿದ್ದೇನೆ. ಪೆನ್ಸಿಲ್ ಗುರುತು ಜಾಸ್ತಿ ಇದೆ, ಬೇಜಾರು ಮಾಡ್ಕೋಬೇಡ.

ನಿನ್ನ ಅಣ್ಣ