ತಾನೇ ಜಾಣ ಅನ್ನುವ ಲೆಕ್ಕ

ಮಾನ್ಯ ಸಂಪಾದಕರೇ,

ನಾನು ಬೇರೆಯವರಿಗಿಂತ ಒಂದು ಕೈ ಜಾಸ್ತಿ ಜಾಣ ಅಂತ ಹೆಚ್ಚಿನವರು ಒಳಗೊಳಗೇ ನಂಬಿರುತ್ತಾರೆ, ಅಲ್ವಾ? ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರ ಸಂಶೋಧಕರಾದ ಡನ್ನಿಂಗ್ ಮತ್ತು ಕ್ರೂಗರ್, ವಿದ್ಯಾರ್ಥಿಗಳಿಗೆ ತರ್ಕ, ವ್ಯಾಕರಣ, ಹಾಸ್ಯದ ಪರೀಕ್ಷೆ ಕೊಟ್ಟು 1999ರಲ್ಲಿ ಫಲಿತಾಂಶ ಪ್ರಕಟಿಸಿದರು. ಅಂಕದಲ್ಲಿ ಕೊನೆಯ ಕಾಲು ಭಾಗದಲ್ಲಿದ್ದವರು ಸರಾಸರಿ ನೂರಕ್ಕೆ 12 ಜನರನ್ನಷ್ಟೇ ಹಿಂದೆ ಹಾಕಿದ್ದರು, ಆದರೆ 62 ಜನರಿಗಿಂತ ತಾವು ಮುಂದೆ ಅಂದುಕೊಂಡಿದ್ದರು! ವ್ಯಾಕರಣ ಬಾರದವನಿಗೆ ತನ್ನ ತಪ್ಪು ಕಾಣಬೇಕಾದರೂ ಅದೇ ವ್ಯಾಕರಣ ಬೇಕಲ್ಲ. ಚೆನ್ನಾಗಿ ಬರೆದವರೋ, ಇಷ್ಟು ಎಲ್ಲರಿಗೂ ಬರುತ್ತೆ ಅಂತ ತಮ್ಮ ಸ್ಥಾನ ಕಡಿಮೆ ಹೇಳಿದರು. (ಇದರಲ್ಲಿ ಸ್ವಲ್ಪ ಭಾಗ ಬರೀ ಅಂಕಿಅಂಶದ ಆಟ ಅನ್ನುವವರೂ ಇದ್ದಾರೆ.)

ನಮ್ಮ ಶಾಲೆಗಳಲ್ಲಿ ಉತ್ತರ ಪತ್ರಿಕೆ ಮರಳಿ ಕೊಡುವ ಮೊದಲು, ಎಷ್ಟು ಅಂಕ ಬರಬಹುದು ಅಂತ ಮಕ್ಕಳಿಂದಲೇ ಬರೆಸಲಿ. ಖರ್ಚಿಲ್ಲ. ಬೈಯುವುದಕ್ಕಲ್ಲ, ಎಲ್ಲಿ ಅಂದಾಜು ತಪ್ಪಿತು ಅಂತ ಅವರೇ ನೋಡಿಕೊಳ್ಳಲಿ ಅಂತ.

– ಓದುಗ, ಹಾಸನ