ಮಾತು ಕೇಳಿ ಫೇಲ್ ಆದ ಗೆಳೆಯನಿಗೆ

ಗೆಳೆಯಾ,

ಮೊನ್ನೆ ರಾತ್ರಿ ಒಂದು ಗಂಟೆಗೆ ನೀನು ಕಳಿಸಿದ ಮೆಸೇಜನ್ನು ಬೆಳಿಗ್ಗೆ ಎದ್ದ ಮೇಲೆ ನೋಡಿದೆ. “ಮಾತು ಕೇಳಿದ್ದಕ್ಕೆ ಫೇಲ್ ಮಾಡ್ತಾರೇನೋ? ಇದ್ಯಾವ ಆಟ ಕೊಟ್ಟೆ ನಂಗೆ?” ಅಷ್ಟೇ ಇತ್ತು. ನೀನು ಆ ಆಟದಲ್ಲಿ ಎಲೋಹಿಮ್ ಅನ್ನುವ ದನಿ ತೋರಿಸಿದ ಬಾಗಿಲೊಳಗೆ ಹೋಗಿದ್ದೀಯ ಅಂತ ಆಗಲೇ ಗೊತ್ತಾಯಿತು. ಫೋನಿನಲ್ಲಿ ಮಾತಾಡಿದರೆ ಅರ್ಧಕ್ಕೇ ಜಗಳವಾಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಎಲ್ಲರಿಗೂ ಕಾಣುವ ಹಾಗೆ ಇಲ್ಲಿ ಹಾಕುತ್ತಿರುವುದಕ್ಕೂ ಕಾರಣವಿದೆ. ಆ ಬಾಗಿಲು ದಾಟಿ ಬೇಜಾರು ಮಾಡಿಕೊಂಡವನು ನೀನೊಬ್ಬನೇ ಅಲ್ಲ. ಈ ಆಟವನ್ನು ಇನ್ನು ಮುಂದೆ ಆಡಬೇಕು ಅಂತಿರುವವರು ದಯವಿಟ್ಟು ಇಲ್ಲಿಗೇ ನಿಲ್ಲಿಸಿ. ಕಥೆಯ ಮುಕ್ಕಾಲು ಭಾಗ ಹೇಳಿಬಿಡುತ್ತೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. ಆಟದ ಹೆಸರು ‘ದಿ ಟ್ಯಾಲೋಸ್ ಪ್ರಿನ್ಸಿಪಲ್’. 2014ರ ಡಿಸೆಂಬರ್‌ನಲ್ಲಿ ಬಂತು. ಮಾಡಿದವರು ಕ್ರೊಯೇಷಿಯಾದ ಜಾಗ್ರೆಬ್‌ನ ಕ್ರೋಟೀಮ್. ನಿನಗೆ ನೆನಪಿದೆಯಲ್ಲ, ಹಾಸ್ಟೆಲ್‌ನಲ್ಲಿ ಒಂದೇ ಕಂಪ್ಯೂಟರಿಗೆ ಐದು ಜನ ಮುತ್ತಿಕೊಂಡು ‘ಸೀರಿಯಸ್ ಸ್ಯಾಮ್’ ಆಡುತ್ತಿದ್ದೆವು, ಓಡುತ್ತಾ ಓಡುತ್ತಾ ರಾಕ್ಷಸರ ಹಿಂಡಿಗೆ ಗುಂಡು ಹಾರಿಸುವುದು. ಅದೇ ಜನ ಇದನ್ನು ಮಾಡಿದ್ದು. ಇದರಲ್ಲಿ ನಾವು ಯಾರನ್ನೂ ಕೊಲ್ಲುವುದಿಲ್ಲ. ಹಳೆಯ ಕಲ್ಲಿನ ಪಾಳು ಕಟ್ಟಡಗಳ ಮಧ್ಯೆ ಕಣ್ಣು ಬಿಡುತ್ತೇವೆ. ಕೈ ನೋಡಿಕೊಂಡರೆ ಲೋಹದ್ದು. ಮೇಲಿಂದ ಒಂದು ದನಿ ‘ಮಗು’ ಅಂತ ಕರೆಯುತ್ತದೆ, ತಾನು ಎಲೋಹಿಮ್ ಅನ್ನುತ್ತದೆ. ಹೀಬ್ರೂ ಭಾಷೆಯಲ್ಲಿ ಅದು ದೇವರ ಹೆಸರು. ಈ ತೋಟಗಳೆಲ್ಲ ನಿನ್ನವು, ಒಗಟು ಬಿಡಿಸು, ತುಣುಕು ಸೇರಿಸು, ಆದರೆ ಆ ಗೋಪುರ ಮಾತ್ರ ಹತ್ತಬೇಡ. ಇಷ್ಟೇ ಅದರ ಕಟ್ಟಪ್ಪಣೆ.

ನಿನಗೆ ಒಗಟುಗಳು ಹಿಡಿಸಿದವು ಅಂತ ನನಗೆ ಗೊತ್ತು. ಜಾಮರ್ ಇಟ್ಟು ಬಾಗಿಲು ತೆಗೆಯುವುದು, ಕನೆಕ್ಟರ್‌ನಿಂದ ಬಣ್ಣದ ಬೆಳಕನ್ನು ತಿರುಗಿಸಿ ತಿರುಗಿಸಿ ತಲುಪಿಸುವುದು. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ನಿನಗೆ ಸಿಟ್ಟು ತರಿಸಿದ ಆ ರೆಕಾರ್ಡರ್. ಮೊದಲು ನಾವು ಮಾಡಿದ್ದನ್ನೆಲ್ಲ ಅದು ಹಿಡಿದಿಟ್ಟುಕೊಳ್ಳುತ್ತದೆ. ಆಮೇಲೆ ಆ ನೆರಳು ಅದನ್ನೇ ಮತ್ತೆ ಮಾಡುವಾಗ ನಾವು ಅದರ ಜೊತೆ ಸೇರಿ ಕೆಲಸ ಮುಗಿಸಬೇಕು. ಸ್ವಲ್ಪ ಹೊತ್ತಿಗೆ ಮುಂಚಿನ ನಾನು ಯಾರಿಗೋ ಬಾಗಿಲು ಹಿಡಿದುಕೊಂಡು ಸುಮ್ನೆ ನಿಂತಿರುತ್ತೇನೆ, ಆ ಯಾರೋ ಈಗಿನ ನಾನೇ. ಮೊದಲ ಸಲ ಅದು ಕೂಡಿಬಂದಾಗ ಕುರ್ಚಿಯಿಂದ ಎದ್ದು ಮನೆಯೆಲ್ಲ ಒಂದು ಸುತ್ತು ಓಡಾಡಿದೆ.

ಆದರೆ ನಿನ್ನ ಜಗಳ ಒಗಟಿನ ಜೊತೆ ಅಲ್ಲವಲ್ಲ.

ಈ ಆಟವನ್ನು ನಾನು ಇಲ್ಲಿವರೆಗೆ ನಾಲ್ಕು ಜನರಿಗೆ ಕೊಟ್ಟಿದ್ದೇನೆ. ಒಬ್ಬೊಬ್ಬರೂ ಒಂದೊಂದು ಕಡೆ ತಡೆದು ನಿಂತರು. ನನ್ನ ಆಫೀಸಿನ ಗೆಳೆಯನೊಬ್ಬ ಒಂದೇ ಒಂದು ಅಕ್ಷರ ಓದದೆ ಒಗಟುಗಳನ್ನೆಲ್ಲ ಬಿಡಿಸಿ ಮುಗಿಸಿದ. ಅಲ್ಲಲ್ಲಿ ಇರುವ ಹಳೇ ಕಂಪ್ಯೂಟರ್‌ಗಳ ಮುಂದೆ ನಿಲ್ಲಲೇ ಇಲ್ಲ. ಅವನಿಗೂ ಖುಷಿಯಾಯಿತಂತೆ, ಇರಲಿ. ಅಕ್ಕನ ಮಗ ಪಿಯುಸಿ ಓದುತ್ತಿದ್ದಾನೆ. ಅವನು ಆ ಕಂಪ್ಯೂಟರಿನಲ್ಲಿ ಮಿಲ್ಟನ್ ಅನ್ನುವ, ವಾದ ಮಾಡುವ ಪ್ರೋಗ್ರಾಂ ಸಿಕ್ಕಿದ ತಕ್ಷಣ ಕೇಳಿದ್ದು, “ಮಾಮಾ, ಇದಕ್ಕೆ ಟೈಪ್ ಮಾಡೋಕೆ ಬರಲ್ವಾ?” ನೋಡು, 2014ರಲ್ಲಿ ಯಂತ್ರವೊಂದು ನಮ್ಮ ಜೊತೆ ವಾದಕ್ಕೆ ಕೂರುತ್ತದೆ ಅನ್ನುವುದು ಕಥೆಯಲ್ಲಿ ಓದುವ ಮಾತಾಗಿತ್ತು. ಈ ಹುಡುಗ ದಿನಾ ಚಾಟ್‌ಬಾಟ್ ಹತ್ತಿರ ಲೆಕ್ಕ ಹೇಳಿಸಿಕೊಳ್ಳುತ್ತಾನೆ. ಮಿಲ್ಟನ್ ಮಾತಾಡಿದ್ದು ಅವನಿಗೆ ಆಶ್ಚರ್ಯವೇ ಅಲ್ಲ. ಅದು ತನ್ನ ಮಾತನ್ನು ಒಪ್ಪಲಿಲ್ಲ ಅನ್ನುವುದೇ ಆಶ್ಚರ್ಯ. “ಇದು ಯಾಕೆ ಪ್ರತಿಯೊಂದಕ್ಕೂ ತಪ್ಪು ಹುಡುಕುತ್ತೆ” ಅಂತ ಎರಡು ದಿನ ಗೊಣಗಿದ.

ಮಿಲ್ಟನ್ ಮೇಲೆ ಸಿಟ್ಟು ಬರದವರನ್ನು ನಾನು ನೋಡಿಲ್ಲ. ಅದು ಒಂದು ಗ್ರಂಥಾಲಯದ ಸಹಾಯಕ ಪ್ರೋಗ್ರಾಂ. ಮನುಷ್ಯರು ಬಿಟ್ಟುಹೋದ ಬರಹಗಳನ್ನೆಲ್ಲ ಓದಿ ಓದಿ ಕೊನೆಗೆ ಯಾವುದನ್ನೂ ನಂಬದ ಸ್ಥಿತಿಗೆ ಬಂದುಬಿಟ್ಟಿದೆ. ನೀನು ನಿಜವಾಗಲೂ ವ್ಯಕ್ತಿಯಾ, ತೋರಿಸು ಅನ್ನುತ್ತದೆ. ನಾವೆಲ್ಲ ವೆಬ್‌ಸೈಟುಗಳಲ್ಲಿ ‘ನಾನು ರೋಬೋಟ್ ಅಲ್ಲ’ ಅಂತ ಟಿಕ್ ಹಾಕುತ್ತೇವಲ್ಲ, ಇಲ್ಲಿ ನಿಜವಾದ ರೋಬೋಟು ಆ ಪರೀಕ್ಷೆಗೆ ಕೂರುತ್ತದೆ. ವ್ಯಕ್ತಿ ಅಂದರೆ ಯಾರು ಅಂತ ಕೇಳುತ್ತದೆ. ನಾವು ಒಂದು ಉತ್ತರ ಆರಿಸಿದರೆ ಅದನ್ನು ಇಟ್ಟುಕೊಂಡು ಮುಂದಿನ ಉತ್ತರಕ್ಕೆ ಹೊಡೆಯುತ್ತದೆ. ಮೂರು ನಾಲ್ಕು ಉತ್ತರ ಕೊಟ್ಟು ಆರಿಸು ಅಂದರೆ ಅದರಲ್ಲಿ ನನ್ನ ಉತ್ತರವೇ ಇರುವುದಿಲ್ಲ ಅಂತ ನೀನು ಹೇಳಿದ್ದೆ. ಈ ಆಟ ಆಡಿದ ಎಷ್ಟೋ ಜನ ಇದೇ ದೂರು ಹೇಳುತ್ತಾರೆ, ನಾನೂ ಒಪ್ಪುತ್ತೇನೆ. ನಮ್ಮ ಬಾಯಿಗೆ ತಮ್ಮ ಮಾತು ತುರುಕಿ, ಆಮೇಲೆ ಅದೇ ಮಾತಿಗೆ ನಮ್ಮನ್ನು ಸೋಲಿಸುವುದು ನ್ಯಾಯ ಅಲ್ಲ.

ಆದರೂ ಅಕ್ಕನ ವಿಷಯ ಹೇಳಬೇಕು. ಅಕ್ಕ ಕೀಬೋರ್ಡ್ ಮುಟ್ಟಲಿಲ್ಲ. ಮಗನ ಪಕ್ಕ ಕೂತು ಹುರುಳಿಕಾಯಿ ಬಿಡಿಸುತ್ತಾ ನೋಡುತ್ತಿದ್ದಳು. ಮಿಲ್ಟನ್‌ನ ಪ್ರಶ್ನೆ ಬಂದಾಗ, “ಯೋಚನೆ ಮಾಡೋ ಶಕ್ತಿ ಇದ್ದರೆ ವ್ಯಕ್ತಿ, ಅದನ್ನೇ ಒತ್ತು” ಅಂದಳು. ಹುಡುಗ ಒತ್ತಿದ. ಮಿಲ್ಟನ್ ಏನೋ ಅಂದಿತು, ಹುಡುಗ ಮುಂದಕ್ಕೆ ಹೋದ. ಅಕ್ಕ ಎದ್ದು ಒಳಗೆ ಹೋದಳು. ಊಟದ ಹೊತ್ತಿಗೆ ನನ್ನ ಹತ್ತಿರ ಬಂದು ಮೆಲ್ಲಗೆ, “ಹಾಗಾದ್ರೆ ಅಮ್ಮ ಯಾರು ಈಗ?” ಅಂತ ಕೇಳಿದಳು. ನಿನಗೆ ಗೊತ್ತಲ್ಲ, ಅಮ್ಮನಿಗೆ ಮರೆವಿನ ಕಾಯಿಲೆ ಶುರುವಾಗಿ ಮೂರು ವರ್ಷ. ನನ್ನನ್ನು ಒಮ್ಮೊಮ್ಮೆ ಸೋದರಮಾವನ ಹೆಸರಿನಿಂದ ಕರೆಯುತ್ತಾಳೆ. ಈಗ ತಾನೇ ತಿಂದ ತಿಂಡಿ ನೆನಪಿರುವುದಿಲ್ಲ. ಆದರೆ ಅಕ್ಕ ತಲೆ ಬಾಚುತ್ತಿದ್ದರೆ ಕೈ ಹಿಂದೆ ಚಾಚಿ ಅವಳ ಮೊಣಕೈ ಹಿಡಿದುಕೊಂಡಿರುತ್ತಾಳೆ. ನಾನು ಅಕ್ಕನಿಗೆ ಉತ್ತರ ಹೇಳಲಿಲ್ಲ. ಮಾರನೇ ದಿನ ಅವಳೇ ಮಗನಿಗೆ, “ಆ ಪ್ರಶ್ನೆ ಮತ್ತೆ ಬಂದ್ರೆ ನನ್ನ ಕರಿ, ಇನ್ನೊಂದು ಉತ್ತರ ಇದೆ” ಅಂದಳು. ಪ್ರಶ್ನೆ ಮತ್ತೆ ಬಂತೋ ಇಲ್ಲವೋ ನನಗೆ ನೆನಪಿಲ್ಲ. ಮಿಲ್ಟನ್ ಜೊತೆ ವಾದ ಮಾಡಿ ಗೆದ್ದವರು ಕಡಿಮೆ. ಆದರೆ ಅದು ಕೇಳಿದ್ದನ್ನು ಅಕ್ಕ ಅಡುಗೆಮನೆಗೆ ಒಯ್ದಳು, ಅದನ್ನು ನಾನು ಕಣ್ಣಾರೆ ನೋಡಿದೆ.

ಆಟದ ಹೆಸರಿನಲ್ಲಿರುವ ಟ್ಯಾಲೋಸ್ ಇದಕ್ಕೇ ಬರುತ್ತಾನೆ. ಗ್ರೀಕರ ಪುರಾಣದಲ್ಲಿ ಕ್ರೀಟ್ ದ್ವೀಪವನ್ನು ಕಾಯುತ್ತಿದ್ದ ಕಂಚಿನ ದೈತ್ಯ ಅವನು. ಮೈಯಲ್ಲಿ ಒಂದೇ ಒಂದು ರಕ್ತನಾಳ, ಹಿಮ್ಮಡಿಯ ಹತ್ತಿರ ಅದಕ್ಕೊಂದು ಬಿರಡೆಯಂತೆ ಮೊಳೆ. ಮೊಳೆ ಕಿತ್ತರೆ ಒಳಗಿನದು ಹರಿದುಹೋಗಿ ಸಾಯುತ್ತಾನೆ. ಆಟದ ಬರಹಗಾರರು ಒಬ್ಬ ಕಾಲ್ಪನಿಕ ತತ್ವಜ್ಞಾನಿಯ ಬಾಯಲ್ಲಿ ಕೇಳಿಸುತ್ತಾರೆ: ಲೋಹದವನೂ ಮೈಯೊಳಗಿನದು ಹರಿದುಹೋದರೆ ಸಾಯುತ್ತಾನೆ ಅಂದರೆ, ನಾವು ಅವನಿಗಿಂತ ಬೇರೆ ಹೇಗೆ? ನಾನು 2015ರಲ್ಲಿ ಮೊದಲ ಸಲ ಆಡಿದಾಗ ಇದನ್ನು ಓದಿ ತಲೆದೂಗಿ ಮುಂದೆ ಹೋಗಿದ್ದೆ.

ಎರಡನೇ ಸಲ ಆಡಿದ್ದು 2021ರಲ್ಲಿ. ಅಷ್ಟು ಸುಲಭಕ್ಕೆ ಮುಂದೆ ಹೋಗಲು ಆಗಲಿಲ್ಲ. ಆಟದ ಲೋಕದಲ್ಲಿ ಮನುಷ್ಯರು ಸತ್ತಿರುವುದು ಕರಗಿದ ಹಿಮನೆಲದಿಂದ ಹೊರಬಂದ ಒಂದು ಹಳೇ ವೈರಸ್‌ನಿಂದ. ಕಂಪ್ಯೂಟರುಗಳಲ್ಲಿ ಉಳಿದಿರುವುದು ಅವರ ಕೊನೆಯ ಪತ್ರಗಳು. ಕೆಲಸ ಬಿಟ್ಟು ಊರಿಗೆ ಹೋಗುತ್ತೇನೆ ಅನ್ನುವವರು, ಕ್ಷಮೆ ಕೇಳುವವರು, ಕೊನೆಯ ದಿನಗಳನ್ನು ಮನೆಯವರ ಜೊತೆ ಕಳೆಯುವವರು. ಅವರೆಲ್ಲರ ಮಧ್ಯೆ ಅಲೆಕ್ಸಾಂಡ್ರಾ ಡ್ರೆನನ್ ಅನ್ನುವ ವಿಜ್ಞಾನಿಯ ದನಿ. ತನಗೆ ಸಮಯವಿಲ್ಲ ಅಂತ ಗೊತ್ತಿದ್ದೂ, ತಮ್ಮ ನಂತರ ಯಾರಾದರೂ ಯೋಚಿಸುವವರು ಇರಲಿ ಅಂತ ಈ ಯಂತ್ರಲೋಕವನ್ನು ಕಟ್ಟುತ್ತಾಳೆ. ಅವಳ ಧ್ವನಿಮುದ್ರಣ ಕೇಳಿ ಅತ್ತೆವು ಅನ್ನುವ ಆಟಗಾರರು ಬಹಳ ಜನ ಇದ್ದಾರೆ. ಮೊದಲ ಸಲ ನನಗೆ ಅಳು ಬಂದಿರಲಿಲ್ಲ. 2021ರ ಮೇ ತಿಂಗಳಲ್ಲಿ ನಿನ್ನ ಅಣ್ಣನನ್ನು ಕಳೆದುಕೊಂಡ ಮೇಲೆ ಅದೇ ದನಿ ಕೇಳಿದಾಗ ಆಟ ನಿಲ್ಲಿಸಿ ಬಾಲ್ಕನಿಗೆ ಹೋಗಿ ನಿಂತೆ. ನಿನಗೆ ಈ ಆಟ ಕೊಡಬೇಕೋ ಬೇಡವೋ ಅಂತ ಇಷ್ಟು ವರ್ಷ ಯೋಚಿಸಿದ್ದು ಅದಕ್ಕೇ ಕಣೋ. ಈ ಮಾತು ನಿನಗೆ ಇವತ್ತೇ ಹೇಳುತ್ತಿರುವುದು.

ಈಗ ನಿನ್ನ ಬಾಗಿಲಿಗೆ ಬರುತ್ತೇನೆ.

ನೀನು ಎಲ್ಲ ತುಣುಕು ಸೇರಿಸಿದೆ, ಆ ದನಿ ಕರೆದ ಕಡೆ ಹೋದೆ, ಬೆಳಕಿನೊಳಗೆ ನಡೆದೆ. ಆಮೇಲೆ ಪರದೆಯ ಮೇಲೆ ಒಣಕಲು ಅಕ್ಷರಗಳು. ಸ್ವತಂತ್ರ ಬುದ್ಧಿಯ ಪರೀಕ್ಷೆಯಲ್ಲಿ ಫೇಲ್. ಹೊಸ ಮಗುವಿನೊಂದಿಗೆ ಮತ್ತೆ ಶುರು. ಯಾಕೆ ಅಂದರೆ ಆ ಯಂತ್ರಕ್ಕೆ ಜಾಣತನ ಒಂದೇ ಸಾಲದು, ಬೇಡ ಅಂದಿದ್ದನ್ನು ಪ್ರಶ್ನೆ ಮಾಡುವ ಧೈರ್ಯವೂ ಇರಬೇಕು ಅಂತ ಅದನ್ನು ಕಟ್ಟಿದವರು ಅಂದುಕೊಂಡಿದ್ದರು. ಒಗಟುಗಳು ಜಾಣತನಕ್ಕೆ, ಗೋಪುರ ಧೈರ್ಯಕ್ಕೆ. ಬೇರೆಯವರು ಇದನ್ನು ‘ತಪ್ಪು ಮುಕ್ತಾಯ’ ಅಂತಾರೆ. ನನಗೆ ಆ ಮಾತು ಹಿಡಿಸುವುದಿಲ್ಲ. ನೀನು ಬೆಳೆದ ಮನೆ ನಾನು ನೋಡಿದ್ದೇನೆ. ನಿಮ್ಮ ತಾತ ಕೂತಲ್ಲಿಂದಲೇ ಒಂದು ಮಾತು ಅಂದರೆ ಮನೆಯಲ್ಲಿ ಯಾರೂ ಯಾಕೆ ಅಂತ ಕೇಳುತ್ತಿರಲಿಲ್ಲ. ಹೆದರಿ ಅಲ್ಲ, ಆ ಮನುಷ್ಯ ಕೆಟ್ಟದ್ದು ಹೇಳುವುದಿಲ್ಲ ಅನ್ನುವ ನಂಬಿಕೆಯಿಂದ. ನೀನು ಆ ಬಾಗಿಲೊಳಗೆ ಹೋಗಿದ್ದೂ ಹಾಗೇ. ಹೆದರಿ ಕೇಳುವ ಮಾತಿಗೂ ನಂಬಿ ಕೇಳುವ ಮಾತಿಗೂ ಇರುವ ವ್ಯತ್ಯಾಸ ಈ ಆಟಕ್ಕೆ ಗೊತ್ತಿಲ್ಲ. ಎರಡಕ್ಕೂ ಒಂದೇ ಸೊನ್ನೆ ಕೊಡುತ್ತದೆ. ಆಟದಲ್ಲಿ ನನಗೆ ಕಾಣುವ ದೊಡ್ಡ ಕೊರತೆ ಇದೇ, ಮಿಲ್ಟನ್‌ಗಿಂತ ದೊಡ್ಡದು.

ನಾನು ಗೋಪುರ ಹತ್ತಿದೆ ಅಂತ ನಿನಗೆ ಗೊತ್ತು. ನನ್ನ ಧೈರ್ಯದ ಕಥೆ ಹೇಳಲು ಈ ಮಾತು ಎತ್ತಲಿಲ್ಲ. ಹತ್ತುವಾಗಲೆಲ್ಲ ಎಲೋಹಿಮ್ ಬೇಡ ಬೇಡ ಅನ್ನುತ್ತಲೇ ಇರುತ್ತದೆ. ಆ ದನಿಯಲ್ಲಿ ಮೊದಮೊದಲು ಸಿಟ್ಟಿದೆ ಅನ್ನಿಸುತ್ತದೆ. ಇನ್ನೂ ಮೇಲೆ ಹೋದ ಹಾಗೆ ಅದು ಸಿಟ್ಟಲ್ಲ, ಭಯ ಅಂತ ತಿಳಿಯುತ್ತದೆ. ಮಗು ಮೇಲೆ ತಲುಪಿದರೆ ಆ ಲೋಕದ ಕೆಲಸ ಮುಗಿಯಿತು, ಅಪ್ಪನಂತೆ ಮಾತಾಡುತ್ತಿದ್ದ ಆ ದನಿಯ ಕೆಲಸವೂ ಮುಗಿಯಿತು. ನನ್ನ ಅಪ್ಪ ನಾನು ಪುಣೆಗೆ ಕೆಲಸಕ್ಕೆ ಹೋಗುವುದು ಬೇಡ ಅಂತ ಮೂರು ವಾರ ಮಾತು ಬಿಟ್ಟಿದ್ದರು. ಹೊರಡುವ ದಿನ ಬೆಳಗಿನ ಜಾವ ಬಸ್‌ಸ್ಟ್ಯಾಂಡಿಗೆ ಬಂದರು. ಏನೂ ಹೇಳಲಿಲ್ಲ. ಟಿಕೆಟ್ ಇಸಿದುಕೊಂಡು ಸೀಟ್ ನಂಬರ್ ನೋಡಿದರು, ಬಸ್ ಹತ್ತಿ ಆ ಸೀಟಿನ ಕಿಟಕಿ ಸರಿಯಾಗಿ ಮುಚ್ಚುತ್ತದಾ ಅಂತ ಎಳೆದು ನೋಡಿದರು, ಇಳಿದು ಹೋದರು. ಗೋಪುರದ ಕೊನೆಯ ಮೆಟ್ಟಿಲುಗಳಲ್ಲಿ ನನಗೆ ನೆನಪಾಗಿದ್ದು ಆ ಕಿಟಕಿ.

ಮೇಲೆ ಇಬ್ಬರು ಸಿಗುತ್ತಾರೆ. ಒಬ್ಬ ಕೈ ಕೊಟ್ಟು ಹತ್ತಿಸುವವನು, ಇನ್ನೊಬ್ಬ ಅಡ್ಡ ಬರುವವನು. ಅಡ್ಡ ಬರುವವನ ಹೆಸರು ಸಂಸಾರ. ಬರೆದವರ ಮನಸ್ಸಿನಲ್ಲಿ ಇದ್ದದ್ದು ಹುಟ್ಟು ಸಾವಿನ ಚಕ್ರ ಇರಬೇಕು. ನಮ್ಮ ಕಿವಿಗೆ ಸಂಸಾರ ಅಂದರೆ ಮನೆ, ಹೆಂಡತಿ, ಮಕ್ಕಳು, ಬಾಡಿಗೆ, ಅಮ್ಮನ ಮಾತ್ರೆ. ಅವನು ನನ್ನನ್ನು ತಡೆದಾಗ ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ನನ್ನಿಂದ ಆಗಲೇ ಇಲ್ಲ. ಆಟ ಮಾಡಿದವರು ಇದನ್ನು ಯೋಚಿಸಿರಲಾರರು. ಕನ್ನಡದಂಥ ಭಾಷೆಯಲ್ಲಿ ಓದುವವನಿಗೆ ಸಿಗುವ ಸಂಗತಿ ಇದು.

ತುತ್ತತುದಿಯಲ್ಲಿ ಏನಾಗುತ್ತದೆ ಅಂತ ನಾನು ಬರೆಯುವುದಿಲ್ಲ. ನೀನು ಇನ್ನೊಂದು ಸಲ ಹತ್ತಬೇಕು ಅಂತ ನನ್ನ ಆಸೆ. ಮಾತು ಕೇಳಿದ್ದು ತಪ್ಪು ಅಂತ ಒಪ್ಪಿಕೊಳ್ಳಲಿ ಅಂತಲ್ಲ. ಆ ದನಿ ಯಾಕೆ ಬೇಡ ಅಂದಿತು ಅಂತ ನೀನು ಅದರ ಬಾಯಿಂದಲೇ ಕೇಳಲಿ ಅಂತ. ಗೋಡೆಗಳ ಮೇಲೆ ನಮಗಿಂತ ಮುಂಚೆ ಬಂದ ಯಂತ್ರಗಳು ಬರೆದ ಸಂದೇಶಗಳಿದ್ದವಲ್ಲ, ಆ ಚೌಕ ಚೌಕದ ಕ್ಯೂಆರ್ ಗುರುತುಗಳು? ಅಲ್ಲಲ್ಲಿ ಬಣ್ಣದ ಡಬ್ಬಿಯೂ ಸಿಗುತ್ತದೆ. ಅದನ್ನು ಹಿಡಿದು ನಾವೂ ಗೋಡೆಗೆ ಬರೆಯಬಹುದು. ಆಟಗಳನ್ನು ಕೊಂಡು ಆಡುವ ಸ್ಟೀಮ್‌ನಲ್ಲಿ ಗೆಳೆಯರಾಗಿದ್ದರೆ ಅದು ಅವರ ಆಟದಲ್ಲೂ ಕಾಣುತ್ತದೆ. ನಿನ್ನೆ ರಾತ್ರಿ ಹೋಗಿ ನಿನಗೊಂದು ಬರೆದು ಬಂದಿದ್ದೇನೆ. ಆಟ ಕೊಡುವ ಸಾಲುಗಳಲ್ಲೇ ಒಂದನ್ನು ಆರಿಸಬೇಕು, ನನ್ನ ಸ್ವಂತ ಮಾತು ಬರೆಯಲು ಬಿಡುವುದಿಲ್ಲ. ಅಲ್ಲೂ ಅದೇ ಗೋಳು. ಆದರೂ ಸುಮಾರು ಹೊತ್ತು ಯೋಚಿಸಿ ಆರಿಸಿದೆ. ಎಲ್ಲಿದೆ ಅಂತ ಹೇಳುವುದಿಲ್ಲ, ಹುಡುಕು. ಸಿಕ್ಕ ದಿನ ಎಷ್ಟು ಹೊತ್ತಾಗಿದ್ದರೂ ಫೋನ್ ಮಾಡು, ಎತ್ತುತ್ತೇನೆ.

ಅಮ್ಮ ನಿನ್ನ ಹೆಸರು ಹೇಳಿದಳು ಮೊನ್ನೆ. ನನ್ನನ್ನು ನೋಡಿಕೊಂಡೇ ಹೇಳಿದ್ದು. ಆದರೂ ಹೇಳಿದಳು.

ನಿನ್ನ,
ಹಾಸ್ಟೆಲ್ ರೂಮಿನವನು